ಹಡಗಿನವರು ಕಳೆದ ಕೌದಿ

ನಮ್ಮ ಟ್ರಾವೆಲ್ಸ್‌ನಲ್ಲಿ ನನ್ನ ಹುದ್ದೆ ಟೂರ್ ಮ್ಯಾನೇಜರ್. ಹಾಗಂತ ಮಾಲಕ ಕಾರ್ಡು ಮಾಡಿಸಿ ಕೊಟ್ಟಿದ್ದಾನೆ. ಕೆಲಸ ಮಾತ್ರ ಬೇರೆ. ಬಸ್ಸಿನ ಮುಂದುಗಡೆ ಜನರಿಗೆ ಮುಖ ಮಾಡಿ ನಿಂತು, ಮೈಕು ಹಿಡಿದು, ಸಿಂಧನೂರು ಬಿಟ್ಟಲ್ಲಿಂದ ಸೊಲ್ಲಾಪುರ ದಾಟುವವರೆಗೆ ಅವರನ್ನು ನಗಿಸಬೇಕು. ಕಂಡಕ್ಟರು, ಹರಾಜು ಕೂಗುವವನು, ಬ್ಯಾಂಕಿನ ಸಾಹೇಬ, ಚಳಿಗೆ ಸ್ಟಾರ್ಟ್ ಆಗದ ಟ್ರ್ಯಾಕ್ಟರು, ಎಲ್ಲರ ದನಿಯೂ ನನ್ನ ಗಂಟಲಲ್ಲಿದೆ. ನನ್ನ ಸ್ವಂತ ದನಿಯೂ ಒಂದಿದೆ. ಅದನ್ನು ಯಾರೂ ಕೇಳಿಲ್ಲ, ಕೇಳುವಂಥದ್ದೂ ಅಲ್ಲ.

ಆ ಸಲದ ಗಿರಾಕಿ ಬೀಜ ಮತ್ತು ಬೆಳೆಯ ಔಷಧ ಮಾರುವ ಒಂದು ಕಂಪನಿ. ಟಾರ್ಗೆಟ್ ಮುಟ್ಟಿಸಿದ ಡೀಲರುಗಳನ್ನು ಹೆಂಡತಿ ಸಮೇತ ಮುಂಬಯಿಯಲ್ಲಿ ಹಡಗು ಹತ್ತಿಸಿ, ಎರಡು ದಿನ ಸಮುದ್ರದ ಮೇಲೆ ತಿರುಗಿಸಿ, ಮತ್ತೆ ಮುಂಬಯಿಯಲ್ಲೇ ಇಳಿಸುವುದು ಅವರ ಬಹುಮಾನ. ಹತ್ತಿದಲ್ಲೇ ಇಳಿಯುವುದಾದರೆ ಹತ್ತುವುದಾದರೂ ಯಾಕೆ ಎಂದು ಕೇಳಿದೆ.

"ಲೇ ಮಿಮಿಕ್ರಿ, ಅದಕ್ಕ ಕ್ರೂಸ್ ಅಂತಾರ," ಎಂದ ಮಾಲಕ. "ನಿನಗ ಜವಳಗೇರಾದ ಟಂಟಂ ಆಟೋ ಬಿಟ್ಟು ಏನ್ ಗೊತ್ತೈತಿ?"

ಮಸ್ಕಿಯಲ್ಲಿ ಬಸ್ಸು ಹತ್ತಿದವರು ಒಬ್ಬ ಸಾವ್ಕಾರ ಮತ್ತು ಅವರ ಹೆಂಡತಿ. ಬೀಜ ಗೊಬ್ಬರದ ದೊಡ್ಡ ಅಂಗಡಿ. ಆ ವರ್ಷ ಕಂಪನಿಯ ಪಟ್ಟಿಯಲ್ಲಿ ಒಂದನೇ ನಂಬರಿನ ಡೀಲರ್. ಒಂದನೇ ನಂಬರಿನವರು ಬಸ್ಸು ಹತ್ತುವುದನ್ನು ನೋಡಬೇಕು: ಮೊದಲು ಹೊಟ್ಟೆ ಬರುತ್ತದೆ, ಅದರ ಹಿಂದೆ ಮೊಬೈಲು, ಕೊನೆಗೆ ಅವರು. ಇದನ್ನು ನಾನು ಚೆನ್ನಾಗಿ ಮಾಡಿ ತೋರಿಸುತ್ತೇನೆ, ಒಂದು ದಿಂಬು ಕೊಟ್ಟರೆ ಸಾಕು.

ಅವರ ಹೆಂಡತಿಯನ್ನು ನಾನು ಅಕ್ಕಾರ ಎಂದೆ. ಅವರು ನನ್ನನ್ನು ತಮ್ಮಾ ಎಂದರು. ವಿಜಯಪುರ ದಾಟಿ ಚಹಕ್ಕೆ ನಿಂತಾಗ ಅವರೇ ಮಾತು ತೆಗೆದರು.

"ತಮ್ಮಾ, ಬರೂಮುಂದ ನನ್ನ ಪುಣೆದಾಗ ಇಳಿಸ್ರಿ. ಮಗಳಿಗೆ ದಿನ ಹತ್ರ ಬಂದಾವ. ಡಾಕ್ಟರು ಪ್ರಯಾಣ ಬ್ಯಾಡ ಅಂದಾರ, ಇಲ್ಲಾಂದ್ರ ತವರಿಗೇ ಬರಾಕಿ ಇದ್ಲು."

"ಚೊಚ್ಚಲೇನ್ರಿ ಅಕ್ಕಾರ?"

"ಹೂಂ. ಕೂಸಿಗೆ ಕೌದಿ ತಂದೀನಿ. ನಡುವಿಂದು ನಮ್ಮವ್ವ ಹೊಲದದ್ದು, ಅಕಿ ಸೀರೀಲೇ. ಅರ್ಧಕ್ಕ ಬಿಟ್ಟು ಅಕಿ ಹೋದ್ಲು. ಸುತ್ತಿಂದು ನಾ ಮುಗಿಸೀನಿ."

ಸಾವ್ಕಾರರು ಚಹದ ಬಟ್ಟಲಿನಿಂದ ಮುಖ ಎತ್ತಿದರು. "ಪುಣೆದಾಗ ಮೆತ್ತನ್ನ ಬ್ಲಾಂಕೆಟ್ ಸಿಗ್ತಾವ. ಈಕಿ ಚಿಂದಿ ಕಟಗೊಂಡು ಹೊಂಟಾಳ."

"ಆ ಬ್ಲಾಂಕೆಟ್ ನೀವ ಹೊಚಗೊಳ್ರಿ," ಎಂದರು ಅಕ್ಕ. ಅಲ್ಲಿಗೆ ಆ ಮಾತು ಮುಗಿಯಿತು.

ಮುಂಬಯಿಯ ಹಡಗುಕಟ್ಟೆಯಲ್ಲಿ ದೊಡ್ಡ ಸಾಮಾನನ್ನು ಬಾಗಿಲಲ್ಲೇ ಅವರ ಕೈಗೆ ಒಪ್ಪಿಸಬೇಕು. ಅವರು ಒಂದೊಂದಕ್ಕೂ ಟ್ಯಾಗ್ ಕಟ್ಟುತ್ತಾರೆ. ಟ್ಯಾಗಿನ ತುದಿಯ ಸಣ್ಣ ತುಂಡು ನಮಗೆ, ನಂಬರು ಮತ್ತು ಕೋಣೆ ಬರೆದ ಉದ್ದನೆಯ ತುಂಡು ಚೀಲದ ಮೇಲೆ. ಸಾಮಾನು ತಾನಾಗಿ ಕೋಣೆಗೆ ಬರುತ್ತದೆ. ಇಷ್ಟು ಸರಳ. ಇದನ್ನು ಕೆಡಿಸಲು ಬುದ್ಧಿವಂತರೇ ಬೇಕು, ನಮ್ಮ ಬಸ್ಸಿನ ತುಂಬ ಅವರೇ ಇದ್ದರು.

ಬೀಜದ ವ್ಯಾಪಾರದಲ್ಲಿ ಟ್ಯಾಗ್ ಎಂದರೆ ಜೀವ. ಬೀಜದ ಚೀಲದ ಬಾಯಿಗೆ ಹೊಲಿದ ಚೀಟಿಯನ್ನು ಕಿತ್ತು ಜೋಪಾನವಾಗಿ ಇಟ್ಟುಕೊಳ್ಳಬೇಕು. ಬೀಜ ಹುಟ್ಟದೆ ಹೋದರೆ ಪರಿಹಾರ ಕೇಳಲು ಮೊದಲು ಬೇಕಾದದ್ದು ಅದೇ. ದಿನಾ ರೈತರಿಗೆ ಇದನ್ನೇ ಹೇಳಿ ಹೇಳಿ ಡೀಲರುಗಳ ಕೈಗೆ ಟ್ಯಾಗ್ ಕಂಡರೆ ಕೀಳುವ ಚಟ. ಲಿಂಗಸುಗೂರಿನ ಡೀಲರ್ ಒಬ್ಬರಿದ್ದರು. ಎರಡು ಸಲ ಕೋರ್ಟಿನ ಮೆಟ್ಟಿಲು ಹತ್ತಿ ಇಳಿದಿದ್ದರಿಂದ ತಾವೂ ವಕೀಲರೆಂದು ತಿಳಿದವರು. ಅವರು ಸಾಲಿನ ಮುಂದೆ ನಿಂತು ಕೂಗಿದರು:

"ಏ, ಆ ಉದ್ದಂದು ಹರಕೊಳ್ರೋ! ನಾಳೆ ಸಾಮಾನು ಕಳದ್ರ ಏನ್ ತೋರಸ್ತೀರಿ, ಮಾರಿನಾ? ಟ್ಯಾಗ್ ಯಾರ ಕೈಯಾಗೋ ಕ್ಲೇಮ್ ಅವರದು!"

ಪರ್ ಪರ್ ಎಂದು ಸಾಲಿಡೀ ಹರಿಯಿತು. ಟ್ಯಾಗ್ ಕಟ್ಟುವವರು ಒಂದು ಕಡೆಯಿಂದ ಕಟ್ಟುತ್ತ ಬಂದರೆ ನಮ್ಮವರು ಇನ್ನೊಂದು ಕಡೆಯಿಂದ ಕೀಳುತ್ತ ಹೋದರು. ಟೂರ್ ಮ್ಯಾನೇಜರು ಎಲ್ಲಿದ್ದ? ತನ್ನ ಘನಕಾರ್ಯದಲ್ಲಿದ್ದ. ಅಲ್ಲಿನ ಸ್ಪೀಕರಿನಲ್ಲಿ ಮಾತಾಡುವ ಹೆಣ್ಣಿನ ದನಿ ತೆಗೆದು, "ತುರ್ವಿಹಾಳದ ಪ್ರಯಾಣಿಕರು ದಯವಿಟ್ಟು ತಮ್ಮ ಎಮ್ಮೆಗಳನ್ನು ಎಡಗಡೆ ಕಟ್ಟಿ" ಎನ್ನುತ್ತಿದ್ದ. ಎಲ್ಲರೂ ನಕ್ಕರು. ನನಗೆ ಅಷ್ಟು ಸಾಕು, ಆ ಹೊತ್ತಿಗೆ ಹಡಗು ಮುಳುಗಿದರೂ ಗೊತ್ತಾಗುವುದಿಲ್ಲ.

ಹಡಗು ಎಂದರೆ ಮದುವೆ ಮಂಟಪಕ್ಕೆ ಲಿಫ್ಟು ಹಚ್ಚಿ ನೀರಿಗೆ ಬಿಟ್ಟ ಹಾಗೆ. ಅದೇ ಝಗಮಗ, ಅದೇ ಊಟದ ಸಾಲು, ಅದೇ ಯಾರ ಮಾತೂ ಯಾರಿಗೂ ಕೇಳದ ಗದ್ದಲ. ನಮ್ಮ ಡೀಲರುಗಳ ಸಾಮಾನು ಟ್ಯಾಗಿಲ್ಲದೆ ಒಂದು ಹಾಲಿನಲ್ಲಿ ಗುಡ್ಡೆಯಾಗಿ ಬಿದ್ದಿತ್ತು. ಕಂಪನಿ ಎಲ್ಲರಿಗೂ ಒಂದೇ ಥರದ ಕೆಂಪು ಸೂಟ್‌ಕೇಸ್ ಉಡುಗೊರೆ ಕೊಟ್ಟಿತ್ತು. ಪುಣ್ಯಕ್ಕೆ ಅವುಗಳ ಮೇಲೆ ಹೆಸರಿನ ಚೀಟಿ ಅಂಟಿಸಿದ್ದೆ. ಅವರವರದು ಅವರವರು ಎಳೆದುಕೊಂಡು ಹೋದರು. ಗುಡ್ಡೆ ಕರಗಿದ ಮೇಲೂ ಅಕ್ಕ ಅಲ್ಲೇ ನಿಂತಿದ್ದರು.

"ನಂದು ಇನ್ನೊಂದು ಬಂದಿಲ್ಲ ತಮ್ಮಾ. ಕೌದಿ ಇದ್ದದ್ದು."

ಸಾವ್ಕಾರರನ್ನು ಕರೆದುಕೊಂಡು ವಿಚಾರಣೆಯ ಕೌಂಟರಿಗೆ ಹೋದೆ. ಅಲ್ಲಿದ್ದ ಹುಡುಗಿ ಹಿಂದಿಯಲ್ಲಿ ಮಾತಾಡಿದಳು. ನಾನು ಕನ್ನಡದಲ್ಲಿ ಕೊಡುತ್ತೇನೆ, ಅವಳ ಸಕ್ಕರೆ ಮಾತ್ರ ಹಾಗೇ ಇರಲಿ.

"ಚಿಂತೆ ಬೇಡ ಸರ್. ನಿಮ್ಮ ಸಾಮಾನು ಸಂಜೆಯೊಳಗೆ ನಿಮ್ಮ ಬಾಗಿಲಲ್ಲಿ. ಯಾವ ಥರದ್ದು ಸರ್?"

ಸಾವ್ಕಾರರು ಹಿಂದೆ ನಿಂತಿದ್ದ ಕಂಪನಿಯ ಸಾಹೇಬರನ್ನು ಒಮ್ಮೆ ನೋಡಿದರು. "ಸೂಟ್‌ಕೇಸ್," ಎಂದರು. "ದೊಡ್ಡದು. ಇದರಂಗ ಇನ್ನೊಂದು, ಕೆಂಪಂದು."

ಅವಳು ಕೆಂಪು ಸೂಟ್‌ಕೇಸ್ ಎಂದು ಬರೆದುಕೊಂಡಳು. ಸಂಜೆ ಬರಲಿಲ್ಲ. ಮರುದಿನ ಮುಂಜಾನೆ ಕೇಳಿದರೆ ಹುಡುಕುತ್ತಿದ್ದೇವೆ ಸರ್, ಮಧ್ಯಾಹ್ನ ಕೇಳಿದರೆ ನಿಮ್ಮ ತಾಳ್ಮೆಗೆ ಧನ್ಯವಾದ ಸರ್. ನನ್ನಲ್ಲಿ ಇಲ್ಲದ ವಸ್ತುವಿಗೆ ಧನ್ಯವಾದ ಹೇಳಿದವರನ್ನು ಅಲ್ಲೇ ಮೊದಲು ನೋಡಿದ್ದು. ಸಾವ್ಕಾರರು ಈಜುಕೊಳದ ಪಕ್ಕ ಕಪ್ಪು ಕನ್ನಡಕ ಹಾಕಿ ಮಲಗಿದ್ದರು. "ಬಿಡೋ ಮಾರಾಯ, ಚಿಂದಿಗೆ ಯಾಕ ಹೈರಾಣ ಆಗ್ತಿ?" ಎಂದರು. ಅಕ್ಕ ಸಮುದ್ರಕ್ಕೆ ಬೆನ್ನು ಹಾಕಿ ಕೂತಿದ್ದರು.

ಇಳಿಯುವ ಹಿಂದಿನ ಸಂಜೆ ಬೇರೆ ಏನೂ ತೋಚದೆ ಟಿಕೆಟ್ಟಿನ ಷರತ್ತು ಓದಿದೆ. ಇರುವೆಯ ಕಾಲಿನಷ್ಟು ಸಣ್ಣ ಅಕ್ಷರ. ಅವನ್ನು ಯಾರೂ ಓದಬಾರದೆಂದೇ ಅಚ್ಚು ಹಾಕಿರುತ್ತಾರೆ, ಹೀಗಾಗಿ ಓದಿದವನಿಗೆ ಕಳ್ಳನ ಮನೆ ಹೊಕ್ಕ ಖುಷಿ. ಅದರಲ್ಲಿದ್ದದ್ದು ಇಷ್ಟು: ಸಾಮಾನು ಕಳೆದರೆ ಹಡಗು ಇಳಿದ ಹದಿನೈದು ದಿನದೊಳಗೆ ಬರೆದು ಕೊಡಬೇಕು, ಕೊಡದಿದ್ದರೆ ಎಲ್ಲ ಸರಿಯಾಗಿ ಸಿಕ್ಕಿದೆ ಎಂದೇ ಲೆಕ್ಕ. ಒಡವೆ, ಹಣ ಇದ್ದರೆ ಹಡಗಿನ ತಿಜೋರಿಯಲ್ಲಿ ಇಟ್ಟು ಚೀಟಿ ಪಡೆದಿರಬೇಕು, ಇಲ್ಲದಿದ್ದರೆ ಅವರು ಹೊಣೆಯಲ್ಲ. ಉಳಿದ ಸಾಮಾನು ಅವರ ವಶದಲ್ಲಿ ಕಳೆದರೆ ಅವರೇ ಹೊಣೆ. ತಕರಾರು ಇದ್ದರೆ ಮುಂಬಯಿಯ ಕೋರ್ಟಿಗೇ ಬರಬೇಕು.

ಬಾಯಿಮಾತಿನ ಸಕ್ಕರೆಗೆ ಬೆಲೆ ಇಲ್ಲ, ಕಾಗದ ಬೇಕು ಎಂದು ಗೊತ್ತಾಯಿತು. ಕೌಂಟರಿಗೆ ಹೋಗಿ, ಸಾಮಾನು ಸಿಕ್ಕಿಲ್ಲ ಎಂಬ ವರದಿಯ ಪ್ರತಿಯನ್ನು ಇಳಿಯುವ ಮೊದಲೇ ಕೈಗೆ ಕೊಡಿ ಎಂದೆ. ಈಮೇಲ್ ಕಳಿಸುತ್ತೇವೆ ಎಂದಳು. ನಾನು ಅಲ್ಲೇ ನಿಂತು ಅವಳದೇ ದನಿಯಲ್ಲಿ ಸಾಲಿನಲ್ಲಿದ್ದವರಿಗೆಲ್ಲ ಹೇಳತೊಡಗಿದೆ: "ಚಿಂತೆ ಬೇಡ ಸರ್, ನಿಮ್ಮ ಸಾಮಾನು ಮೀನಿನ ಹೊಟ್ಟೆಯಲ್ಲಿ ಸುರಕ್ಷಿತ ಸರ್, ನಿಮ್ಮ ತಾಳ್ಮೆಗೆ ಧನ್ಯವಾದ ಸರ್." ಜನ ಕೂಡಿದರು, ಮೊಬೈಲು ಎತ್ತಿ ಹಿಡಿದರು. ಅವಳ ಮೇಲಿನವನು ಬಂದು, ವರದಿ ಅಚ್ಚು ಹಾಕಿಸಿ, ಸೀಲು ಹೊಡೆದು ಕೊಟ್ಟ. ನನ್ನ ಕಲೆಗೆ ಅಷ್ಟು ಬೇಗ ಸಿಕ್ಕ ಮರ್ಯಾದೆ ಅದೊಂದೇ.

ವಾಪಸು ಬರುವಾಗ ಪುಣೆಯಲ್ಲಿ ಬಸ್ಸು ನಿಲ್ಲಿಸಿದೆ. ಅಕ್ಕ ಏಳಲಿಲ್ಲ.

"ಬರಿಗೈಲೆ ಹ್ಯಾಂಗ ಹೋಗ್ಲಿ ತಮ್ಮಾ? ದಿನ ಇನ್ನೂ ಅದಾವ. ಕೌದಿ ಸಿಗಲಿ, ಹೋಗ್ತೀನಿ. ಹುಡುಕಿ ಕೊಡ್ತೀರಿಲ್ಲೋ?"

"ಕೊಡ್ತೀನ್ರಿ ಅಕ್ಕಾರ," ಎಂದೆ. ಯಾವ ದನಿಯಲ್ಲಿ ಹೇಳಿದೆನೋ ನೆನಪಿಲ್ಲ. ಧೈರ್ಯವಂತ ಯಾರದೋ ಇರಬೇಕು.

ಸಿಂಧನೂರಿಗೆ ಬಂದ ಮೇಲೆ ಪ್ರತಿಯೊಬ್ಬರೂ ಇನ್ನೊಬ್ಬರ ಕಡೆ ಬೆರಳು ತೋರಿಸಿದರು. ಮಾಲಕ ಅದು ಹಡಗಿನವರ ಜವಾಬ್ದಾರಿ ಎಂದ. ಹಡಗಿನವರು ಟಿಕೆಟ್ ಬುಕ್ ಮಾಡಿದವರನ್ನು ಕೇಳಿ ಎಂದರು. ಬುಕ್ ಮಾಡಿದ ಬೀಜದ ಕಂಪನಿಯ ಸಾಹೇಬರು "ನಾವು ಬರೀ ಸ್ಪಾನ್ಸರ್" ಎಂದರು. ಸಹಾಯವಾಣಿಗೆ ಫೋನು ಹಚ್ಚಿದರೆ ಮೊದಲು ವಾದ್ಯ, ಆಮೇಲೆ ಒಂದು ಒತ್ತಿ, ಎರಡು ಒತ್ತಿ, ಆಮೇಲೆ ಮತ್ತೆ ವಾದ್ಯ. ಆ ವಾದ್ಯವನ್ನು ನಾನು ಮೂಗಿನಲ್ಲಿ ನುಡಿಸಲು ಕಲಿತೆ. ಕಲಿತಷ್ಟೇ ಲಾಭ. ಕೊನೆಗೆ ಈಮೇಲ್ ಬಂತು: ಹಡಗನ್ನೆಲ್ಲ ಹುಡುಕಲಾಗಿದೆ, ಯಾವುದೇ ಹೆಚ್ಚುವರಿ ಕೆಂಪು ಸೂಟ್‌ಕೇಸ್ ಇಲ್ಲ, ತಮ್ಮ ಮುಂದಿನ ಯಾನ ಸುಖಕರವಾಗಿರಲಿ.

ಆಗ ಮಾಲಕ, ಸಾವ್ಕಾರರು ಇಬ್ಬರೂ ಸೇರಿ ಕ್ಲೇಮಿನ ಪಟ್ಟಿ ಬರೆಸಿಕೊಂಡು ಬರಲು ನನ್ನನ್ನು ಲಿಂಗಸುಗೂರಿಗೆ ಕಳಿಸಿದರು, ಆ ವಕೀಲರಲ್ಲದ ವಕೀಲರ ಅಂಗಡಿಗೆ. ಅವರು ಗಲ್ಲೆಯ ಮೇಲೆ ಕಾಲು ಮಡಚಿ ಕೂತು ಹೇಳಿ ಬರೆಸಿದರು.

"ಬರಿ. ರೇಷ್ಮಿ ಸೀರಿ, ಐದು."

"ಇದ್ದಿಲ್ಲಲ್ರೀ."

"ನೀ ನೋಡೀಯೇನು? ಬರಿ. ಬಂಗಾರದ ಸರ."

"ಬಂಗಾರ ತಿಜೋರಿಯಾಗ ಇಟ್ಟಿರಬೇಕು ಅಂತ ಟಿಕೆಟ್ಟಿನಾಗ ಐತ್ರಿ."

"ಟಿಕೆಟ್ಟಿನಾಗ ಏನರ ಇರಲಿ. ದೊಡ್ಡದು ಕೇಳಿದ್ರ ಸಣ್ಣದರ ಸಿಗ್ತೈತಿ. ಕೌದಿ ಗಿವದಿ ಅಂತ ಬರದೀ, ನಗ್ತಾರ ಅವರು."

ಅಷ್ಟರಲ್ಲಿ ಒಬ್ಬ ರೈತ ಒಳಗೆ ಬಂದ. ತೊಗರಿ ಬೀಜ ಹುಟ್ಟಿಲ್ಲ, ಹೊಲ ಬೋಳು ನಿಂತಿದೆ ಎಂದ. ಡೀಲರು ಕಾಲು ಕೂಡ ಕೆಳಗೆ ಬಿಡಲಿಲ್ಲ.

"ಟ್ಯಾಗ್ ಎಲ್ಲೈತಿ? ಬಿಲ್ಲು? ಬಿತ್ತಿದ ಕೂಡ್ಲೇ ಬರದು ಕೊಟ್ಟೀಯೇನು? ನೀರು ಹೆಚ್ಚು ಬಿಟ್ಟಿರಬೇಕು ನೋಡು. ಕಂಪನಿಗೆ ಹೇಳ್ತೀನಿ, ಸ್ವಲ್ಪ ತಡಕೋ."

ಅದೇ ಸಹಾಯವಾಣಿ, ವಾದ್ಯ ಮಾತ್ರ ಇಲ್ಲ. ಹೊರಗೆ ಬಂದು ಬಸ್ಸು ಕಾಯುತ್ತ ಒಬ್ಬನೇ ಎರಡೂ ದನಿಗಳನ್ನು ಹೇಳಿ ನೋಡಿದೆ, ಹಡಗಿನ ಹುಡುಗಿಯದು, ಈತನದು. ಎರಡರ ನಡುವೆ ಗೆರೆ ಎಳೆಯಲು ಜಾಗವೇ ಇರಲಿಲ್ಲ. ಇವರಿಗೆ ಸಾಮಾನು ಕಳೆದದ್ದು ಸರಿಯಾಯಿತು ಅನಿಸಿತು. ಕಳೆದದ್ದು ಅಕ್ಕನದಾಯಿತಲ್ಲ, ಅದೊಂದೇ ತಪ್ಪು.

ಬಂಗಾರ ಬರೆಸಿದ ಆ ಪಟ್ಟಿ ಕಿಸೆಯಲ್ಲಿಟ್ಟುಕೊಂಡು ಮಸ್ಕಿಯಲ್ಲಿ ಇಳಿದೆ. ಪಟ್ಟಿಗೆ ಸಾವ್ಕಾರರ ಸಹಿ ಬೇಕಿತ್ತು, ಅವರು ಅಂಗಡಿಯಲ್ಲಿ ಗಿರಾಕಿಗಳ ನಡುವೆ ಇದ್ದರು. ಹಿಂದಿನ ಮನೆಯಲ್ಲಿ ಅಕ್ಕ ಚಹ ಕೊಟ್ಟು ಎದುರು ಕೂತರು.

"ಏನ್ ಬರದೀರಿ, ಓದಿ ಹೇಳ್ರಿ ತಮ್ಮಾ."

ಓದಿದೆ. ಕೆಂಪು ಸೂಟ್‌ಕೇಸ್ ಒಂದು ಎನ್ನುವಷ್ಟರಲ್ಲೇ ತಡೆದರು.

"ಸೂಟ್‌ಕೇಸ್ ಯಾರ್ದು?"

"ನಿಮ್ದು. ಕೌದಿ ಇದ್ದದ್ದು."

"ನಂದು ಚೀಲ ತಮ್ಮಾ. ಬೀಜದ ಚೀಲ. ಕಂಪನಿಯವರು ಖಾಲಿ ಹೊಸ ಚೀಲ ಕೊಟ್ಟಿರ್ತಾರಲ್ಲ, ಬೀಜ ಮುಟ್ಟಿದ್ದಲ್ಲ, ಅದರಾಗ ಕೌದಿ ಸುತ್ತಿ, ಬಾಣಂತಿಗಂತ ಅಂಟಿನುಂಡಿ ಡಬ್ಬಿ ಇಟ್ಟು, ಕೂಸಿನ ಕುಂಚಿಗಿ ಇಟ್ಟು, ಹಗ್ಗಲೇ ಬಿಗದಿದ್ನಿ. ಬಸ್ಸಿನ ಹೊಟ್ಟ್ಯಾಗ ಇತ್ತಲ್ಲ?"

ಇತ್ತು. ನಾನು ಅದನ್ನು ಡ್ರೈವರನ ಸಾಮಾನು ಎಂದುಕೊಂಡಿದ್ದೆ.

"ಅಂಥ ಚೀಲ ಇನ್ನೊಂದು ಐತೇನ್ರಿ ಅಕ್ಕಾರ?"

ತಂದು ತೋರಿಸಿದರು. ಬಿಳಿ ಚೀಲ. ಮೇಲೆ ಹಸಿರು ತೆನೆಯ ಚಿತ್ರ. ಅದರ ಕೆಳಗೆ, ಅಂಗೈ ಅಗಲಕ್ಕೆ, ಕೆಂಪು ಬಣ್ಣದ ತಲೆಬುರುಡೆ ಮತ್ತು ಅಡ್ಡ ಎಲುಬು. ಬೀಜಕ್ಕೆ ವಿಷ ಲೇಪಿಸಿದೆ, ತಿನ್ನಬೇಡಿ ಎಂಬ ಎಚ್ಚರಿಕೆ. ನಮ್ಮ ಕಡೆ ಆ ಬುರುಡೆಯನ್ನು ಯಾರೂ ನೋಡುವುದಿಲ್ಲ, ಅದರಲ್ಲಿ ಕಡಲೆ ತುಂಬುತ್ತಾರೆ, ಹಾಸಿ ಕೂರುತ್ತಾರೆ. ಆದರೆ ಸಾವಿರಾರು ಜನ ಹತ್ತುವ ಹಡಗಿಗೆ ಯಾರ ಹೆಸರೂ ಇಲ್ಲದ, ಹಗ್ಗ ಬಿಗಿದ, ಬುರುಡೆಯ ಚೀಲವೊಂದು ಬಂದರೆ ಅದನ್ನು ಒಳಗೆ ಬಿಡುವವನು ಹುಚ್ಚನೇ ಇರಬೇಕು. ಅದು ಹಡಗು ಹತ್ತಿಯೇ ಇರಲಿಲ್ಲ! ಹಡಗಿನವರು ಇಲ್ಲದ ಸೂಟ್‌ಕೇಸನ್ನು ಇರದ ಜಾಗದಲ್ಲಿ ಅಷ್ಟು ದಿನ ಹುಡುಕುತ್ತಿದ್ದರು.

ಸಾವ್ಕಾರರು ಒಳಗೆ ಬಂದರು. ನಾನು ಕೇಳಿದೆ.

"ಸಾವ್ಕಾರ್ರ, ಚೀಲ ಅಂತ ಯಾಕ ಹೇಳ್ಲಿಲ್ರಿ?"

"ಕಂಪನಿ ಸಾಹೇಬ್ರು ಹಿಂದ ನಿಂತಿದ್ರು. ನಂಬರ್ ಒನ್ ಡೀಲರ್ ಹೆಂಡ್ತಿ ಬೀಜದ ಚೀಲ ಹೊತಗೊಂಡು ಹಡಗ ಹತ್ತಾಳ ಅಂತ ಹೇಳ್ಲೇನು? ಇಜ್ಜತ್ ಅನ್ನೂದು ಐತೋ ಇಲ್ಲೋ?"

"ಟ್ಯಾಗೂ ನೀವ ಹರದ್ರೇನ್ರಿ?"

"ಎಲ್ಲಾರೂ ಹರದ್ರು, ನಾನೂ ಹರದೆ. ಕ್ಲೇಮಿಗೆ ಬೇಕಾಗ್ತೈತಿ ಅಂತ."

"ನನಗ ಕೊಟ್ಟಿದ್ರಿ," ಎಂದು ಅಕ್ಕ ಎದ್ದರು. ಬೀಜದ ಟ್ಯಾಗುಗಳನ್ನು ಇಡುವ ಡಬ್ಬಿಯಿಂದ ಹಡಗಿನ ಟ್ಯಾಗ್ ತೆಗೆದು ನನ್ನ ಕೈಗಿಟ್ಟರು. ನಂಬರು, ಗೆರೆಗಳು, ಎಲ್ಲ ಇತ್ತು. ಕಿತ್ತದ್ದು ಶುದ್ಧ ದಡ್ಡತನ. ಅದೇ ಈಗ ಚೀಲವನ್ನು ಹಡಗಿನವರು ಕೈಯಲ್ಲಿ ಹಿಡಿದಿದ್ದರು ಎಂಬುದಕ್ಕೆ ಸಾಕ್ಷಿ. ದಡ್ಡತನಕ್ಕೂ ಒಮ್ಮೊಮ್ಮೆ ಹೀಗೆ ಬಹುಮಾನ ಸಿಗುತ್ತದೆ, ಅದಕ್ಕೇ ಅದು ನಿಲ್ಲುವುದಿಲ್ಲ.

ನಾನು ಬಂಗಾರದ ಪಟ್ಟಿಯನ್ನು ಹರಿದೆ. ಮಾಲಕ ನನ್ನನ್ನು ಕೆಲಸದಿಂದ ಕಿತ್ತರೆ ಕೀಳಲಿ ಎಂದುಕೊಂಡೆ.

"ಲೇ! ಏನ್ ಮಾಡಾಕತ್ತಿ?" ಎಂದರು ಸಾವ್ಕಾರರು.

"ಹೊಸಾದು ಬರೀತೀನ್ರಿ. ಚೀಲ, ಬುರುಡಿ, ಕೌದಿ, ಉಂಡಿ. ಟ್ಯಾಗ್ ನಾವ ಹರದೀವಿ ಅಂತನೂ."

"ನಾ ಸಹಿ ಮಾಡಂಗಿಲ್ಲ. ಆ ಕಾಗದ ಸಾಹೇಬ್ರ ಕೈಗೆ ಹೋದ್ರ ನನ್ನ ಮರ್ಯಾದಿ ಏನಾತು?"

ನಾನು ಟಿಕೆಟ್ ತೆಗೆದೆ. ಗಂಡ ಹೆಂಡತಿಗೆ ಬೇರೆ ಬೇರೆ ಟಿಕೆಟ್ ಇದ್ದವು. ಸಾಮಾನು ಯಾರದೋ ಹಕ್ಕು ಅವರದು, ಅಕ್ಕನ ಟಿಕೆಟ್ಟಿನ ಮೇಲೆ ಅಕ್ಕನ ಹೆಸರೇ ಇದೆ.

"ನಿಮ್ದ ಬೇಕಾಗಿಲ್ರಿ. ಅಕ್ಕಾರ ಸಹಿ ಸಾಕು."

ಅಕ್ಕ ಗಂಡನ ಕಿಸೆಯಿಂದಲೇ ಪೆನ್ನು ಎಳೆದುಕೊಂಡರು. "ನಮ್ಮವ್ವ, ನಾನು ಕೂಡಿ ಹೊಲದದ್ದು ಚಿಂದಿ, ನೀವು ಹೇಳಿದ ಸುಳ್ಳಿಗೆ ಇಜ್ಜತ್ತು," ಎಂದರು, ಸಹಿ ಮಾಡಿದರು. ಸಾವ್ಕಾರರು ಗಿರಾಕಿ ಬಂದಾರ ಎಂದು ಹೊರಗೆ ಹೋದರು. ಹೊರಗೆ ಯಾರೂ ಇರಲಿಲ್ಲ.

ಅವಧಿ ಮುಗಿಯುವ ಮೊದಲೇ ಕಾಗದವನ್ನು ಈಮೇಲಿನಲ್ಲೂ ಮಸ್ಕಿಯ ಅಂಚೆ ಕಚೇರಿಯಿಂದ ರಿಜಿಸ್ಟರ್ ಅಂಚೆಯಲ್ಲೂ ಕಳಿಸಿದೆ, ಟ್ಯಾಗಿನ ಫೋಟೋ, ಹಡಗಿನ ವರದಿಯ ಪ್ರತಿ ಸಮೇತ. ಜವಾಬು ಈ ಸಲ ಬೇಗ ಬಂತು. ಅಂಥದೇ ಟ್ಯಾಗಿಲ್ಲದ ಚೀಲವೊಂದು ಅಪಾಯಕಾರಿ ಎಂಬ ಶಂಕೆಯ ಮೇಲೆ ಕಟ್ಟೆಯ ನಿಷೇಧಿತ ಸಾಮಾನಿನ ಕೋಣೆಯಲ್ಲಿದೆ, ವಾರಸುದಾರರಿಲ್ಲದ್ದರಿಂದ ವಿಲೇವಾರಿಗೆ ಕಳಿಸಲಾಗುವುದು. ಅಂದರೆ ನಾವು ಹಡಗು ಇಳಿದು, ಸಾಲಾಗಿ ನಿಂತು, ಗ್ರೂಪ್ ಫೋಟೋ ತೆಗೆಸಿಕೊಂಡ ಗೋಡೆಯ ಆಚೆ ಬದಿಗೇ ಕೌದಿ ಇತ್ತು.

ಮತ್ತೆ ಬರೆದೆ: ಚೀಲವನ್ನು ಮುಟ್ಟಬೇಡಿ. ಟ್ಯಾಗ್ ಕಟ್ಟಿ 'ಪಡೆದಿದ್ದೇವೆ' ಎಂದು ದಾಖಲಿಸಿದವರು ನೀವು. ಸಾಮಾನು ಸಿಕ್ಕಿಲ್ಲ ಎಂಬ ನಿಮ್ಮದೇ ವರದಿಯಲ್ಲಿ ಪ್ರಯಾಣಿಕರ ಹೆಸರು, ಫೋನು ಇದೆ, ಆದರೂ ಒಂದು ಮಾತು ತಿಳಿಸಲಿಲ್ಲ. ಅದನ್ನು ಸುಟ್ಟರೆ ರಾಯಚೂರಿನ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಬರುತ್ತೀರಿ. ಟಿಕೆಟ್ಟಿನಲ್ಲಿ ಮುಂಬಯಿ ಕೋರ್ಟು ಎಂದು ಅಚ್ಚಾಗಿರಬಹುದು, ಗ್ರಾಹಕ ತಾನಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು ಎಂದು ಕಾನೂನಿನಲ್ಲಿ ಅಚ್ಚಾಗಿದೆ. ಇಷ್ಟನ್ನು ಯಾರ ದನಿಯೂ ತೆಗೆಯದೆ ಬರೆದೆ. ಬರೆಯುವಾಗ ದನಿ ತೆಗೆಯಲು ಬರುವುದಿಲ್ಲ ಎನ್ನುವುದು ಬೇರೆ ಮಾತು.

ವಾರಸುದಾರರೇ ಗುರುತಿನ ಚೀಟಿಯೊಂದಿಗೆ ಬಂದು ಒಯ್ಯಬೇಕು ಎಂದು ಉತ್ತರ ಬಂತು. ಸಾವ್ಕಾರರಿಗೆ ಸೀಜನ್ನು. ಮಾಲಕ "ಹೋಗು, ಹಂಗ ಅಲ್ಲೇ ಹಡಗಿನಾಗ ನೌಕರಿ ಹುಡಕ್ಕೋ" ಎಂದ. ಅಕ್ಕನೂ ನಾನೂ ಸಿಂಧನೂರಿನಿಂದ ಮುಂಬಯಿಯ ಬಸ್ಸು ಹತ್ತಿದೆವು. ಸೊಲ್ಲಾಪುರದ ಹತ್ತಿರ ಅಳಿಯನ ಫೋನು ಬಂತು. ಹೇಳಿದ ದಿನಕ್ಕಿಂತ ಮೊದಲೇ ಹೆರಿಗೆ ಆಗಿದೆ, ಹೆಣ್ಣು ಕೂಸು, ಇಬ್ಬರೂ ಆರಾಮ. ಪುಣೆಯಲ್ಲಿ ಇಳಿದು ಮೊದಲು ಮಗಳನ್ನು ನೋಡಿ ಎಂದೆ.

"ಅವರು ಸುಟ್ಟುಗಿಟ್ಟರ? ನಡೀರಿ," ಎಂದರು ಅಕ್ಕ.

ಕಟ್ಟೆಯ ಆ ಕೋಣೆಯಲ್ಲಿ ಒಬ್ಬ ಅಧಿಕಾರಿ ಇದ್ದ. ಕೈಗೆ ರಬ್ಬರು ಗವಸು, ಮೂಗಿಗೆ ಮುಸುಕು. ಚೀಲವನ್ನು ಎರಡು ಬೆರಳಲ್ಲಿ ಹಿಡಿದು ತಂದು ಮೇಜಿನ ಮೇಲಿಟ್ಟು ಎರಡು ಹೆಜ್ಜೆ ಹಿಂದೆ ಸರಿದ. ಮುದುಕಿಯ ಕೌದಿಗೆ ಅಷ್ಟು ಹೆದರಿದ ಗಂಡಸನ್ನು ನಾನು ನೋಡಿರಲಿಲ್ಲ. ಅವನ ಹಿಂದಿಯನ್ನು ಅಕ್ಕನಿಗೆ, ಅಕ್ಕನ ಮಸ್ಕಿಯನ್ನು ಅವನಿಗೆ ದಾಟಿಸುವುದು ನನ್ನ ಕೆಲಸ.

"ಅಪಾಯಕಾರಿ ಎಂದು ದಾಖಲಾಗಿದೆ. ಲ್ಯಾಬಿನವರು ಅಲ್ಲ ಎಂದು ಬರೆದುಕೊಟ್ಟರೆ ಮಾತ್ರ ಬಿಡಬಹುದು."

"ಏನಂತಾನ?"

"ಇದರಾಗ ವಿಷ ಇಲ್ಲ ಅಂತ ಯಾರರ ಪರೀಕ್ಷಾ ಮಾಡಿ ಹೇಳಬೇಕಂತ್ರಿ."

ಅಕ್ಕ ಹಗ್ಗ ಬಿಚ್ಚಿದರು. ಅವನು ಇನ್ನೂ ಒಂದು ಹೆಜ್ಜೆ ಹಿಂದೆ ಹೋದ. ಸ್ಟೀಲಿನ ಡಬ್ಬಿ ತೆಗೆದು, ಮುಚ್ಚಳ ಎತ್ತಿ, ಒಂದು ಅಂಟಿನುಂಡಿಯನ್ನು ಅವನ ಕಣ್ಣೆದುರೇ ಕಡಿದು, ನಿಧಾನ ಅಗಿದು ನುಂಗಿದರು. ಡಬ್ಬಿಯನ್ನು ನನ್ನ ಕಡೆ ಚಾಚಿದರು. ನಾನೂ ಪರೀಕ್ಷೆ ಮಾಡಿದೆ, ಎರಡು ಸಲ. ಕೋಣೆಯ ತುಂಬ ತುಪ್ಪ, ಒಣಕೊಬ್ಬರಿಯ ವಾಸನೆ ಬಂತು.

"ನೋಡೂನು, ಸಾಯ್ತೀವೇನು," ಎಂದು ಅಕ್ಕ ಕುರ್ಚಿ ಎಳೆದು ಕೂತರು.

ಅವನು ಕಾದ. ನಾವು ಸಾಯಲಿಲ್ಲ. ಮುಸುಕು ಇಳಿಸಿದ. ಅಕ್ಕ ಅವನ ಗವಸಿನ ಕೈಗೂ ಒಂದು ಇಟ್ಟರು. ಗವಸು ಕಳಚಿ ತಿಂದ. ಆಮೇಲೆ ದಾಖಲೆಯಲ್ಲಿ ಏನೋ ಹೊಡೆದು ಹಾಕಿ, ಸಹಿಗೆ ಒಂದು ಕಾಗದ ಮುಂದಿಟ್ಟ. 'ಸಾಮಾನು ಸುಸ್ಥಿತಿಯಲ್ಲಿ ದೊರೆತಿದೆ, ಇನ್ನು ಯಾವ ತಕರಾರೂ ಇಲ್ಲ.'

"ತಡೀರಿ ಅಕ್ಕಾರ. ನೋಡದ ಸಹಿ ಬ್ಯಾಡ."

ಅಕ್ಕ ಕೌದಿಯನ್ನು ಮೇಜಿನ ಮೇಲೆ ಬಿಡಿಸಿದರು. ನಡುವೆ ಮಾಸಿದ ಹಸಿರು ಇಳಕಲ್ ಸೀರೆಯ ತುಂಡುಗಳು, ಸಣ್ಣ, ಒತ್ತೊತ್ತಾದ ಹೊಲಿಗೆ. ಸುತ್ತ ಬೇರೆ ಬಣ್ಣ, ಸ್ವಲ್ಪ ದೊಡ್ಡ ಹೊಲಿಗೆ. ಒಂದೊಂದು ಮೂಲೆಯನ್ನೂ ಕೈಯಲ್ಲಿ ಸವರಿ ನೋಡಿದರು. ಒಂದು ಅಂಚಿಗೆ ತೇವ ಹತ್ತಿ ಕಲೆಯಾಗಿತ್ತು. ನಾನು ಆ ಕಾಗದದ ಕೊನೆಯ ಸಾಲು ಹೊಡೆದು, 'ಅಂಚಿಗೆ ಕಲೆ ಇದೆ, ಇಷ್ಟು ದಿನ ತಿಳಿಸದೆ ಇಟ್ಟುಕೊಂಡಿದ್ದಕ್ಕೆ ತಕರಾರೂ ಇದೆ' ಎಂದು ಬರೆದೆ. ಅಕ್ಕ ಅದರ ಕೆಳಗೆ ಸಹಿ ಹಾಕಿದರು. ಅವನು ಬೇಡ ಎನ್ನಲಿಲ್ಲ, ಬಾಯಲ್ಲಿ ಉಂಡಿ ಇತ್ತು.

ಹೊರಡುವಾಗ ಅಕ್ಕ ಡಬ್ಬಿ, ಕುಂಚಿಗಿಗಳನ್ನು ಕೌದಿಯಲ್ಲೇ ಗಂಟು ಕಟ್ಟಿ ಹೆಗಲಿಗೇರಿಸಿ, ಖಾಲಿ ಚೀಲವನ್ನು ಮೇಜಿನ ಮೇಲೆ ಬಿಟ್ಟರು.

"ಮೇಡಂ, ಚೀಲ?"

"ಅದು ನೀವ ಇಟಗೊಳ್ರಿ. ನಿಮಗ ಹೆದರಿಕಿ ಇದ್ದದ್ದು ಅದರದ್ದ ಅಲ್ಲೇನು?"

ಸಂಜೆ ಪುಣೆಯ ಆಸ್ಪತ್ರೆಗೆ ತಲುಪಿದೆವು. ನಾನು ಬಾಗಿಲಲ್ಲೇ ನಿಂತೆ. ಅಕ್ಕ ಮಗಳ ತಲೆ ಸವರಿ, ಕೌದಿಯನ್ನು ನಾಲ್ಕು ಮಡಿಕೆ ಮಾಡಿ ಹಾಸಿ, ಕಲೆಯ ಅಂಚನ್ನು ಕೆಳಗೆ ಮಾಡಿ, ಕೂಸನ್ನು ಎತ್ತಿ ನಟ್ಟನಡುವೆ ಮಲಗಿಸಿದರು, ತಮ್ಮವ್ವ ಹೊಲಿದ ಭಾಗದ ಮೇಲೆ. ಹಡಗಿನವರು, ಡೀಲರುಗಳು, ಟ್ರಾವೆಲ್ಸಿನವರು ಎಲ್ಲ ಸೇರಿ ಒಂದು ತಿಂಗಳು ಗುದ್ದಾಡಿದ ಆ ಕೌದಿಯ ಮೇಲೆ ಕೂಸು ಒಮ್ಮೆ ಮೈ ಮುರಿಯಿತು, ಮುಖ ಕೆಂಪಗೆ ಮಾಡಿಕೊಂಡಿತು, ಬೆಚ್ಚಗೆ ಉಚ್ಚೆ ಹೊಯ್ದಿತು.

ಮಗಳು ಗಾಬರಿಯಾಗಿ ಕೌದಿ ಎಳೆಯಲು ಹೋದಳು. ಅಕ್ಕ ಅವಳ ಕೈ ಹಿಡಿದರು.

"ಇರಲಿ ಬಿಡವ್ವಾ. ಅದಕ್ಕ ತಂದದ್ದು."